ಕೆಂಪು ದಾರ ಕಟ್ಟಿದ ಕೋಲುಗಳು

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಕಟ್ಟಿದವರು ಯಾರೋ, ಅವರು ಈ ಕತೆಯ ಚಿಕ್ಕಮ್ಮನನ್ನು ಕಂಡವರಲ್ಲ. ಮಾತನ್ನು ಅವಳಷ್ಟು ಬಲ್ಲವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ, ಜಗಳವನ್ನೂ ಅಷ್ಟೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಊರವರ ಮಾತನ್ನೆಲ್ಲ ಇಲ್ಲಿಂದಲ್ಲಿಗೆ ದಾಟಿಸಿ ದಾಟಿಸಿ ನಿವೃತ್ತಳಾದವಳು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ, ಬಂದವರಿಗೆಲ್ಲ ಲೈನ್ ಎಂಗೇಜ್ ಸಿಕ್ಕಿತು ಎನ್ನುತ್ತಿದ್ದಳು. ಹಾಲಿನವನಿಂದ ಹಿಡಿದು ಪಕ್ಕದ ಮನೆಯ ನಾಯಿಯವರೆಗೆ ಎಲ್ಲರಿಗೂ ಅವಳದೊಂದು ಬುದ್ಧಿಮಾತು ಇದ್ದೇ ಇರುತ್ತಿತ್ತು, ಕೇಳಲಿ ಬಿಡಲಿ.

ಅಂಥವಳಿಗೆ, ಮರಗಳ ಎಲೆ ಉದುರುತ್ತಿದ್ದ ಒಂದು ಬೆಳಿಗ್ಗೆ, ಹಲ್ಲುಜ್ಜುತ್ತಿರುವಾಗಲೇ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಆಸ್ಪತ್ರೆಯಲ್ಲಿ ಕೆಲವು ವಾರ ಕಳೆದ ಮೇಲೆ ಒಂದೇ ಒಂದು ಮಾತು ಮರಳಿ ಬಂತು. ಅದು ‘ಹಲೋ’. ನೀರು ಬೇಕೆಂದರೂ ಹಲೋ, ಬೇಡವೆಂದರೂ ಹಲೋ, ದಿಂಬು ಸರಿಯಿಲ್ಲ ಎನ್ನುವುದಕ್ಕೂ ಹಲೋ. ನಾವಾಡುವುದು ಅವಳಿಗೆ ಬಹುಮಟ್ಟಿಗೆ ತಿಳಿಯುತ್ತದೆ, ಆದರೆ ಹೌದು ಅಲ್ಲಗಳು ಅದಲು ಬದಲಾಗುತ್ತವೆ, ತಲೆಯಾಡಿಸಿದರೆ ಅದನ್ನೂ ನಂಬಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು.

ಅವಳನ್ನು ನೋಡಿಕೊಳ್ಳಲು ಬಂದವಳು ಅವಳ ಅಕ್ಕನ ಮಗಳು. ಬೀದಿಯ ಮೂಲೆಯಲ್ಲಿ ಲಾಂಡ್ರಿ ಅಂಗಡಿ ಇಟ್ಟುಕೊಂಡಿದ್ದರಿಂದ ಅವಳಿಗೆ ಇಸ್ತ್ರಿಯಕ್ಕ ಎಂದೇ ಹೆಸರು ಬಿದ್ದಿತ್ತು. ಗಂಡ ಸಿಟಿ ಬಸ್ಸಿನ ಡ್ರೈವರ್. ಇಬ್ಬರೂ ತಮ್ಮ ಬಾಡಿಗೆ ಮನೆಗೆ ಬೀಗ ಹಾಕಿ, ಪಾತ್ರೆ ಪಡಗ ಹೊತ್ತುಕೊಂಡು ಚಿಕ್ಕಮ್ಮನ ಮನೆಗೆ ಬಂದರು. ಬೀದಿ ಕಾಣುವ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕಕ್ಕೆ ಚಿಕ್ಕಮ್ಮನ ಮಂಚ ಹಾಕಿದರು. ಮಾತಾಡಲಾಗದಿದ್ದರೂ ಬೀದಿಯನ್ನು ನೋಡಿಯಾದರೂ ಹೊತ್ತು ಹೋಗಲಿ ಎಂದು.

ಇಸ್ತ್ರಿಯಕ್ಕನಿಗೆ ಹುಟ್ಟಿನಿಂದ ಒಂದು ಚಟ: ಕಂಡದ್ದಕ್ಕೆಲ್ಲ ಯಾಕೆ ಎಂದು ಕೇಳುವುದು. ಲಾಂಡ್ರಿಯ ಕೆಲಸ ಆ ಚಟಕ್ಕೆ ತುಪ್ಪ ಸುರಿದಿತ್ತು. ಎಡ ತೋಳಿನ ಅಂಚಿಗೆ ಶಾಯಿ ಅಂಟಿದ್ದರೆ ಈತ ಎಡಗೈಯಲ್ಲಿ ಬರೆಯುವವನು. ಒಂದೇ ಮೊಣಕಾಲು ಸವೆದಿದ್ದರೆ ಒಂದು ಕಾಲು ಮಡಿಸಿ ಕೂತು ದುಡಿಯುವವನು. ಕಾಲರಿನ ಕೊಳೆ ಒಂದು ತಿಂಗಳಿಂದ ದಟ್ಟವಾಗಿದ್ದರೆ ಹೆಂಡತಿ ತವರಿಗೆ ಹೋಗಿದ್ದಾಳೆ. ಇದನ್ನೆಲ್ಲ ಅವಳು ಯಾರಿಗೂ ಹೇಳುತ್ತಿರಲಿಲ್ಲ. ತಿಳಿದುಕೊಳ್ಳುವುದೇ ಅವಳಿಗೆ ಸುಖ. ತಿಳಿಯದೆ ಉಳಿದದ್ದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಅವಳನ್ನು ಕಾಡುತ್ತಿತ್ತು.

ಹಾಗೆ ಬಾಲ್ಯದಿಂದ ಸಿಕ್ಕಿಕೊಂಡಿದ್ದ ನಾರೊಂದಿತ್ತು. ಅದೇ ಚಿಕ್ಕಮ್ಮನ ಹಿತ್ತಲಿನ ಕೆಂಪು ದಾರ.

ಹಿತ್ತಲೆಂದರೆ ದೊಡ್ಡದೇನಲ್ಲ. ಅಡುಗೆಮನೆಯ ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಉದ್ದಕ್ಕೆ ಒಂದು ಪಟ್ಟಿ ನೆಲ. ಅದರಲ್ಲಿ ಕಂಬ ನೆಟ್ಟು, ಮೇಲೊಂದು ಕೆಳಗೊಂದು ತಂತಿ ಎಳೆದು, ಒಂದು ಸಾಲು ರಾಸ್ಪ್‌ಬೆರಿ ಬೆಳೆಸಿದ್ದಳು; ಬುಡದಿಂದ ಕೋಲು ಕೋಲಾಗಿ ಏಳುವ, ಕೆಂಪು ಹಣ್ಣಿನ ಮುಳ್ಳುಗಿಡ. ಬೇಸಿಗೆಯ ರಜೆಗೆ ಇಸ್ತ್ರಿಯಕ್ಕ ಚಿಕ್ಕ ಹುಡುಗಿಯಾಗಿ ಇಲ್ಲಿಗೆ ಬಂದಾಗ ಹಣ್ಣಿನ ಸುಗ್ಗಿ. ಬೆರಳಿಗೊಂದೊಂದು ಹಣ್ಣು ಟೋಪಿಯ ಹಾಗೆ ಸಿಕ್ಕಿಸಿಕೊಂಡು ಒಂದೊಂದಾಗಿ ತಿನ್ನುವುದು, ಮುಳ್ಳು ತರಚಿ ಕೈಯೆಲ್ಲ ಗೀರು ಮಾಡಿಕೊಳ್ಳುವುದು, ಅಂಗಿಗೆ ಕಲೆ ಮಾಡಿಕೊಂಡು ಬೈಸಿಕೊಳ್ಳುವುದು. ರಜೆ ಮುಗಿಯುವ ಹೊತ್ತಿಗೆ ಹಣ್ಣೂ ಮುಗಿಯುತ್ತಿತ್ತು. ಆಗ ಚಿಕ್ಕಮ್ಮ ಒಂದು ಹಳೆಯ ಕೆಂಪು ಸ್ವೆಟರಿನ ಉಲ್ಲನ್ ಬಿಚ್ಚಿ, ತುಂಡು ಮಾಡಿ, ಕೆಲವು ಕೋಲುಗಳಿಗೆ ಮಾತ್ರ ಗಂಟು ಹಾಕುತ್ತ ಸಾಲಿನುದ್ದಕ್ಕೂ ನಡೆಯುತ್ತಿದ್ದಳು. ಯಾಕೆ ಎಂದು ಹುಡುಗಿ ಕೇಳಿದ್ದಳು. ಪ್ರಪಂಚದ ಗುಟ್ಟನ್ನೆಲ್ಲ ಕೇಳದೆಯೇ ಹೇಳುತ್ತಿದ್ದ ಚಿಕ್ಕಮ್ಮ ಇದೊಂದಕ್ಕೆ ಮಾತ್ರ, ‘ಅದು ನನಗೂ ಗಿಡಕ್ಕೂ ಇರೋ ಮಾತು. ನಿನ್ನ ಕಿವಿ ಇಲ್ಲಿಗೆ ಯಾಕೆ?’ ಎಂದಿದ್ದಳು. ಮುಂದಿನ ವರ್ಷ ಕೇಳಿದಾಗಲೂ ಅದೇ ಉತ್ತರ. ಆ ಸಾಲಿಗೆ ಬೇರೆ ಯಾರನ್ನೂ ಕತ್ತರಿ ಮುಟ್ಟಿಸಲು ಅವಳು ಬಿಟ್ಟದ್ದೇ ಇಲ್ಲ. ಚಳಿಗಾಲದಲ್ಲಿ ಆ ದಾರ ಕಟ್ಟಿದ ಕೋಲುಗಳು ಏನಾಗುತ್ತವೆ ಎಂಬುದನ್ನು ಇಸ್ತ್ರಿಯಕ್ಕ ಕಂಡಿರಲಿಲ್ಲ, ಯಾಕೆಂದರೆ ಚಳಿಗಾಲದಲ್ಲಿ ಅವಳು ಇಲ್ಲಿಗೆ ಬಂದದ್ದೇ ಇಲ್ಲ.

ಈಗ ಚಳಿಗಾಲ ಮುಗಿಯುತ್ತ ಬಂದಿತ್ತು. ಎಲೆ ಕಳಚಿದ ಸಾಲು ಪೊರಕೆಕಡ್ಡಿ ನೆಟ್ಟ ಹಾಗೆ ಕಂದುಬಣ್ಣಕ್ಕೆ ತಿರುಗಿ ನಿಂತಿತ್ತು. ಕೆಲವು ಕೋಲುಗಳಲ್ಲಿ ಕೆಂಪು ಉಲ್ಲನ್ ಗಂಟು ಹಾಗೇ ಇತ್ತು. ಲಕ್ವ ಹೊಡೆಯುವ ಮೊದಲಿನ ಬೇಸಿಗೆಯಲ್ಲಿ ಚಿಕ್ಕಮ್ಮ ಕಟ್ಟಿದ್ದು. ಚಿಗುರು ಒಡೆಯುವ ಮುಂಚೆ ಕತ್ತರಿಯಿಂದ ಸವರದಿದ್ದರೆ ಬೆಳೆ ಕೆಡುತ್ತದೆ ಎಂಬಷ್ಟು ಇಸ್ತ್ರಿಯಕ್ಕನಿಗೂ ಗೊತ್ತಿತ್ತು.

ಹೋದರೆ ಹೋಗಲಿ ಒಂದು ವರ್ಷದ ಹಣ್ಣು ಎಂದು ಬಿಡುವ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ಚಿಕ್ಕಮ್ಮ ಊಟ ಬಿಟ್ಟಿದ್ದಳು. ಚಮಚ ತಂದರೆ ಹಲ್ಲು ಕಚ್ಚಿಕೊಂಡು ಗೋಡೆಗೆ ಮುಖ ಮಾಡುತ್ತಿದ್ದಳು. ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತದೆ ಎಂದು ನರ್ಸು ಹೇಳಿದ ದಿನ, ಇಸ್ತ್ರಿಯಕ್ಕ ದಿಕ್ಕು ತೋಚದೆ ಅವಳ ಕಿವಿಯ ಬಳಿ ಬಾಗಿ, ‘ಬರೋ ಬೇಸಿಗೆಗೆ ನಿನ್ನ ಗಿಡದ ಹಣ್ಣು ನಿನಗೆ ತಿನ್ನಿಸ್ತೀನಿ ಚಿಕ್ಕಮ್ಮ. ಅಲ್ಲಿವರೆಗೆ ಇರಬೇಕು ನೀನು’ ಎಂದಿದ್ದಳು. ಚಿಕ್ಕಮ್ಮ ತಿರುಗಿ ನೋಡಿದಳು. ಎಡಗೈಯಿಂದ ಇವಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಬಾಯಿ ತೆರೆದು ಗಂಜಿ ಕುಡಿದಳು. ಕೊಟ್ಟ ಮಾತಿನ ಮೇಲೆ ಆ ಹೆಣ್ಣು ಚಳಿಗಾಲವನ್ನು ದಾಟಿದ್ದಾಳೆ, ಈಗ ಹಣ್ಣಿಲ್ಲ ಎಂದು ಹೇಳುವುದು ಹೇಗೆ? ಈ ವಯಸ್ಸಿನಲ್ಲಿ, ಈ ಸ್ಥಿತಿಯಲ್ಲಿ, ಇನ್ನೊಂದು ವರ್ಷ ಕಾದು ನೋಡೋಣ ಎನ್ನಲು ಇಸ್ತ್ರಿಯಕ್ಕನಿಗೆ ಧೈರ್ಯವಿರಲಿಲ್ಲ.

ಫೋನಿನಲ್ಲಿ ವಿಡಿಯೋ ನೋಡಿದಳು. ಒಬ್ಬ ಗಡ್ಡದವನು ಎಲ್ಲವನ್ನೂ ನೆಲಕ್ಕೆ ಕತ್ತರಿಸಿ ಎಂದ. ಇನ್ನೊಬ್ಬಳು, ಅಯ್ಯೋ ಬೇಡ, ಅದು ಬೇರೆ ಜಾತಿಗೆ, ಬೇಸಿಗೆಯಲ್ಲಿ ಹಣ್ಣು ಬಿಡುವ ಜಾತಿಯಾದರೆ ಕೆಲವನ್ನು ಕತ್ತರಿಸಿ ಕೆಲವನ್ನು ಬಿಡಬೇಕು ಎಂದಳು. ಯಾವ ಕೆಲವು ಎಂದು ತೋರಿಸುವ ಹೊತ್ತಿಗೆ ಅವಳ ಗಿಡದಲ್ಲಿ ಹಸಿರು ಎಲೆ ತುಂಬಿತ್ತು. ಇಲ್ಲಿ ನೋಡಿದರೆ ಎಲ್ಲ ಒಂದೇ ಕಂದು. ಕೆಂಪು ಉಲ್ಲನ್ನಿನ ವಿಷಯವಂತೂ ಯಾವ ಫೋನಿಗೂ ಗೊತ್ತಿರಲಿಲ್ಲ.

ಉಳಿದದ್ದು ಚಿಕ್ಕಮ್ಮನನ್ನೇ ಕೇಳುವುದು. ಒಂದು ದಾರ ಕಟ್ಟಿದ ಕೋಲಿನ ಫೋಟೋ ತೋರಿಸಿ, ಇದನ್ನು ಕತ್ತರಿಸಲೇ ಎಂದಳು. ಹಲೋ. ಇದನ್ನು ಉಳಿಸಲೇ? ಹಲೋ. ದಾರವಿಲ್ಲದ್ದನ್ನು ಕತ್ತರಿಸಲೇ? ಚಿಕ್ಕಮ್ಮ ತಲೆ ಮೇಲೆ ಕೆಳಗೆ ಆಡಿಸಿದಳು, ಮರುಕ್ಷಣ ಅಡ್ಡಡ್ಡ ಆಡಿಸಿದಳು, ತನಗೇ ಸಿಟ್ಟು ಬಂದು ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿನಿಂದ ನೀರು ಇಳಿದದ್ದನ್ನು ನೋಡಿ ಇಸ್ತ್ರಿಯಕ್ಕ ಫೋನು ಮಡಿಲಿಗೆ ಹಾಕಿಕೊಂಡಳು. ಇನ್ನು ಅವಳನ್ನು ಕೇಳಿ ಗೋಳು ಹೊಯ್ದುಕೊಳ್ಳಬಾರದು ಎಂದು ನಿಶ್ಚಯಿಸಿದಳು.

ರಾತ್ರಿಯ ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು. ಅವನಿಗೆ ಸಂಶಯವೇ ಇರಲಿಲ್ಲ.

‘ಕೆಂಪು ಅಂದ್ರೆ ನಿಲ್ಲು. ಮುಟ್ಟಬೇಡ ಅಂತ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?’

ಪಕ್ಕದ ಮನೆಯಲ್ಲಿ ವೈರಿಂಗ್ ಕೆಲಸದವನಿದ್ದ, ಬೀದಿಯವರ ಬಾಯಲ್ಲಿ ಕರೆಂಟಣ್ಣ. ಕಾಂಪೌಂಡ್ ಗೋಡೆಯ ಮೇಲೆ ಗದ್ದ ಊರಿ ಸಾಲನ್ನು ಬಹಳ ಹೊತ್ತು ಪರೀಕ್ಷಿಸಿದ.

‘ಕೆಂಪು ತಂತಿ ಯಾವಾಗ್ಲೂ ಜೀವ ಇರೋದು ಅಕ್ಕಾ. ಅದನ್ನ ಕತ್ತರಿಸಿದ್ರೆ ಲೈನೇ ಸತ್ತುಹೋಗುತ್ತೆ’ ಎಂದ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲಿಯೂ ಬರಗಾಲವಿಲ್ಲ. ಆದರೆ ಅವರನ್ನು ಆಡಿಕೊಂಡು ಪ್ರಯೋಜನವಿಲ್ಲ, ಯಾಕೆಂದರೆ ಇಸ್ತ್ರಿಯಕ್ಕನೂ ಮನಸ್ಸಿನಲ್ಲಿ ಅದೇ ತೀರ್ಮಾನಕ್ಕೆ ಬಂದಿದ್ದಳು, ತನ್ನದೇ ದಾರಿಯಲ್ಲಿ. ಲಾಂಡ್ರಿಯಲ್ಲಿ ಬಟ್ಟೆಗೆ ಬಣ್ಣದ ದಾರ ಹೊಲಿಯುತ್ತಾರೆ. ಹಸಿರು ದಾರ ಡಾಕ್ಟರ ಮನೆಯದು, ಹಳದಿ ಹೋಟೆಲಿನದು. ದಾರವಿರುವ ಬಟ್ಟೆ ಯಾರದ್ದೋ ಸ್ವತ್ತು, ಕಳೆಯುವಂತಿಲ್ಲ, ಸುಡುವಂತಿಲ್ಲ, ಯಜಮಾನನ ಕೈಗೆ ಮುಟ್ಟಬೇಕು. ದಾರವಿಲ್ಲದ್ದು ಯಾರೂ ಕೇಳದ ಬಟ್ಟೆ. ಕಪಾಟಿನ ಕೆಳಗೆ ಧೂಳು ತಿಂದು ಕೊನೆಗೆ ನೆಲ ಒರೆಸಲು ಹೋಗುತ್ತದೆ. ಎಸೆಯುವುದಕ್ಕೆ ಯಾರಾದರೂ ಗುರುತು ಕಟ್ಟುತ್ತಾರೆಯೇ? ಅವಳ ಅನುಭವದಲ್ಲಿ ಅಂಥ ಹುಚ್ಚು ಯಾರೂ ಮಾಡಿರಲಿಲ್ಲ.

ಸಾಲಿನ ಹತ್ತಿರ ಹೋಗಿ ನೋಡಿದಾಗ ಕಣ್ಣೂ ಅದನ್ನೇ ಹೇಳಿತು. ದಾರ ಕಟ್ಟಿದ ಕೋಲುಗಳು ದಪ್ಪ, ಮೈತುಂಬ ಕವಲು, ಸಿಪ್ಪೆ ಅಲ್ಲಲ್ಲಿ ಸುಲಿದು ಅನುಭವಸ್ಥರ ಹಾಗೆ ಕಾಣುತ್ತಿದ್ದವು. ಕವಲಿನ ತುದಿಯಲ್ಲಿ ಹಣ್ಣು ಕಿತ್ತ ಒಣ ತೊಟ್ಟುಗಳೂ ಇದ್ದವು. ದಾರವಿಲ್ಲದವು ನುಣ್ಣಗೆ, ಕವಲಿಲ್ಲದೆ, ಒಂಟಿ ಬೆತ್ತದ ಹಾಗೆ ನೆಟ್ಟಗೆ ನಿಂತಿದ್ದವು. ಹಣ್ಣು ಕೊಡುವ ಗಿಡ ಯಾವುದು, ಕೊಡದ ಸೋಮಾರಿ ಯಾವುದು ಎಂದು ಇದಕ್ಕಿಂತ ಚೆನ್ನಾಗಿ ತೋರಿಸಲು ಸಾಧ್ಯವೇ? ಆದರೂ ಒಳಗೆಲ್ಲೋ ಒಂದು ಸಣ್ಣ ಯಾಕೆ ಮಿಡುಕುತ್ತಿತ್ತು. ಸೋಮಾರಿಗಳಾದರೆ ಚಿಕ್ಕಮ್ಮ ಅವನ್ನು ಇಷ್ಟು ಎತ್ತರ ಬೆಳೆಯಲು ಬಿಟ್ಟದ್ದೇಕೆ? ಆ ಸಣ್ಣ ದನಿಯನ್ನು ಇಸ್ತ್ರಿಯಕ್ಕ ಆ ದಿನ ಕೇಳಿಸಿಕೊಳ್ಳಲಿಲ್ಲ. ಹುಟ್ಟಿನಿಂದ ಪ್ರಶ್ನೆ ಕೇಳುತ್ತ ಬಂದವಳು ಕೇಳಬೇಕಾದ ಒಂದೇ ದಿನ ಬಾಯಿ ಮುಚ್ಚಿಕೊಂಡಳು.

ಲಾಂಡ್ರಿಗೆ ರಜೆಯಿದ್ದ ದಿನ ಸವರು ಕತ್ತರಿ ಹಿಡಿದು ಅಡುಗೆಮನೆಯ ಬಾಗಿಲಿನ ಕಡೆಯಿಂದ ಶುರು ಮಾಡಿದಳು. ದಾರವಿಲ್ಲದ ಕೋಲನ್ನು ಬುಡಕ್ಕೆ ಹಿಡಿದು ಒತ್ತಿದರೆ ಟಕ್ ಎಂದು ತುಂಡಾಗುತ್ತಿತ್ತು. ಕತ್ತರಿಸಿದ ಜಾಗದಲ್ಲಿ ಒಳಗೆ ಹಸಿರು, ಒದ್ದೆ. ಎಷ್ಟು ಸಲೀಸು ಎಂದುಕೊಂಡಳು. ಮುಳ್ಳಿಗೆ ದಪ್ಪ ಕೈಗವಸು ಹಾಕಿಕೊಂಡಿದ್ದಳು. ಮಧ್ಯಾಹ್ನದ ಹೊತ್ತಿಗೆ ಅರ್ಧ ಸಾಲು ಮುಗಿಯಿತು. ದಾರ ಕಟ್ಟಿದವು ಮಾತ್ರ ಉಳಿದು, ಗಾಳಿ ಬೆಳಕು ಆಡುತ್ತ, ಸಾಲು ನೋಡಲು ಹೊಸದಾಗಿ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಕಂಡಿತು. ಅವಳಿಗೆ ತನ್ನ ಮೇಲೆ ತನಗೇ ಮೆಚ್ಚುಗೆಯಾಯಿತು.

ಕತ್ತರಿಸಿದ್ದನ್ನೆಲ್ಲ ಹೊರೆ ಕಟ್ಟಿ, ಕಸದ ಗಾಡಿಗೆ ಹಾಕಲು ಮನೆಯ ಪಕ್ಕದ ಓಣಿಯಿಂದ ಮುಂದಕ್ಕೆ ತಂದಳು. ಮುಂದಿನ ಕೋಣೆಯ ಕಿಟಕಿ ದಾಟಬೇಕು. ಚಿಕ್ಕಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಹೊರೆ ಕಂಡಿತು. ಹೊರೆಯಲ್ಲಿ ಒಂದು ಎಳೆ ಕೆಂಪೂ ಇಲ್ಲದ್ದು ಕಂಡಿತು.

‘ಹಲೋ’ ಎಂದಳು. ಇಸ್ತ್ರಿಯಕ್ಕ ನಕ್ಕು, ಹೊರೆಯನ್ನು ಎತ್ತಿ ತೋರಿಸಿ, ಕೆಲಸ ಸಾಗಿದೆ ಎಂಬಂತೆ ತಲೆಯಾಡಿಸಿದಳು.

‘ಹಲೋ! ಹಲೋ! ಹಲೋ!’

ಖುಷಿಯಾಗಿದೆ ಪಾಪ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಸ್ಟೀಲ್ ಲೋಟ ಹಾರಿ ಬಂದು ಕಿಟಕಿಯ ಸರಳಿಗೆ ಬಡಿದು ಠಣಾರೆಂದಿತು. ನೀರು ಹೊರಗೂ ಒಳಗೂ ಚೆಲ್ಲಿತು. ಇಸ್ತ್ರಿಯಕ್ಕ ಹೊರೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು.

ಚಿಕ್ಕಮ್ಮನ ಮುಖ ಕೆಂಪಗೆ ಉರಿಯುತ್ತಿತ್ತು. ಎಡಗೈ ಹಿತ್ತಲಿನ ಕಡೆಗೆ ಚಾಚಿತ್ತು. ಕಾಯಿಲೆ ಬಿದ್ದಂದಿನಿಂದ ಅವಳು ಹಿತ್ತಲಿಗೆ ಹೋಗಲು ಒಪ್ಪಿರಲಿಲ್ಲ; ಕರೆದಾಗಲೆಲ್ಲ ಗಾಲಿಕುರ್ಚಿಯನ್ನು ಒದೆಯುತ್ತಿದ್ದಳು. ಈಗ ಅವಳೇ ಕುರ್ಚಿಯ ಕಡೆ ಕೈ ತೋರಿಸಿದಳು. ಆಗಲೇ ಡ್ಯೂಟಿ ಮುಗಿಸಿ ಬಂದ ಗಂಡನೂ ಕೈಹಚ್ಚಿ, ಇಬ್ಬರೂ ಅವಳನ್ನು ಕೂರಿಸಿ, ಶಾಲು ಹೊದಿಸಿ, ಅಡುಗೆಮನೆಯ ಹೊಸ್ತಿಲು ದಾಟಿಸಿ ಸಾಲಿನ ಮುಂದೆ ತಂದು ನಿಲ್ಲಿಸಿದರು.

ಚಿಕ್ಕಮ್ಮ ಮೊದಲು ನೆಲ ನೋಡಿದಳು. ಕೊಯ್ದ ಬುಡಗಳಲ್ಲಿ ಇನ್ನೂ ಹಸಿ ಮಿನುಗುತ್ತಿತ್ತು. ಆಮೇಲೆ ದಾರ ಕಟ್ಟಿಕೊಂಡು ಸಾಲಾಗಿ ನಿಂತಿದ್ದವುಗಳನ್ನು ನೋಡಿದಳು.

ಕೊನೆಗೆ ಚಿಕ್ಕಮ್ಮ ಹತ್ತಿರದ ಕೋಲಿನ ಉಲ್ಲನ್ ಗಂಟನ್ನು ಎಡಗೈಯಿಂದ ಎಳೆದಳು. ಗಂಟು ಬಿಚ್ಚಲು ಒಂದು ಕೈ ಸಾಲದು. ಇಸ್ತ್ರಿಯಕ್ಕ ಬಿಚ್ಚಿ ಕೊಟ್ಟಳು. ಮಡಿಲಿನಲ್ಲಿ ಬಿದ್ದುಕೊಂಡಿದ್ದ ತನ್ನ ಬಲಗೈಯನ್ನು, ಯಾರೋ ಮರೆತು ಬಿಟ್ಟುಹೋದ ವಸ್ತುವಿನ ಹಾಗೆ, ಚಿಕ್ಕಮ್ಮ ಒಮ್ಮೆ ದಿಟ್ಟಿಸಿದಳು. ಆಮೇಲೆ ಆ ಕೆಂಪು ಎಳೆಯನ್ನು ಬಲಗೈಯ ಮಣಿಕಟ್ಟಿಗೆ ಸುತ್ತಿ ಸುತ್ತಿ, ತುದಿಯನ್ನು ಸುತ್ತಿನೊಳಗೆ ಸಿಕ್ಕಿಸಿದಳು. ಆ ಕೈಯನ್ನು ಎಡಗೈಯಿಂದ ಎತ್ತಿ ಹಿಡಿದು ದಾರ ಕಟ್ಟಿದ ಇನ್ನೊಂದು ಕೋಲಿನ ಪಕ್ಕಕ್ಕಿಟ್ಟಳು: ಇದೂ ಅದೂ ಒಂದೇ ಎನ್ನುವಂತೆ. ಕೈಯನ್ನು ಮಡಿಲಿಗೆ ಬಿಟ್ಟು, ಎಡಗೈಯ ಎರಡು ಬೆರಳನ್ನು ಕತ್ತರಿ ಮಾಡಿ ಮಣಿಕಟ್ಟನ್ನು ಕತ್ತರಿಸಿದಳು.

‘ಬೇಡ ಚಿಕ್ಕಮ್ಮ, ಅಂಥ ಮಾತೆಲ್ಲ ಆಡಬೇಡ’ ಎಂದಳು ಇಸ್ತ್ರಿಯಕ್ಕ. ಆಡಿದವರು ಯಾರೂ ಇರಲಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ.

ಚಿಕ್ಕಮ್ಮ ಎಡಗೈಯಿಂದ ಹಣೆ ಚಚ್ಚಿಕೊಂಡಳು. ದಡ್ಡರಿಗೆ ಪಾಠ ಹೇಳುವವರ ತಾಳ್ಮೆ ತಂದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು. ಬಲಗೈಯನ್ನು ಎತ್ತಿ, ಆ ಸತ್ತ ಬೆರಳುಗಳಿಂದಲೇ ಗಾಳಿಯಲ್ಲಿ ಹಣ್ಣು ಬಿಡಿಸಿದ ಹಾಗೆ ಮಾಡಿದಳು. ಬುಟ್ಟಿಗೆ ಹಾಕಿದ ಹಾಗೆ, ಎಕ್ಸ್‌ಚೇಂಜಿನಲ್ಲಿ ತಂತಿ ಚುಚ್ಚಿದ ಹಾಗೆ, ಬರೆದ ಹಾಗೆ, ಬಾಚಿದ ಹಾಗೆ. ಇದು ಮಾಡಿದ ಕೆಲಸ ಒಂದೆರಡಲ್ಲ. ಆಮೇಲೆ ಕೈಯನ್ನು ಬಿಟ್ಟುಬಿಟ್ಟಳು. ಅದು ದೊಪ್ಪೆಂದು ಮಡಿಲಿಗೆ ಬಿತ್ತು. ದಾರವನ್ನು ಮುಟ್ಟಿ ತೋರಿಸಿದಳು, ಕತ್ತರಿ ಆಡಿಸಿದಳು. ಆಮೇಲೆ ಬಾಗಿ, ನೆಲದ ಹಸಿ ಬುಡದ ಮೇಲೆ ಅಂಗೈ ಇಟ್ಟು, ಮೆಲ್ಲಮೆಲ್ಲನೆ ಎತ್ತರಕ್ಕೆ ಒಯ್ದು, ಬೆರಳುಗಳನ್ನು ಕವಲಿನ ಹಾಗೆ ಅಗಲಿಸಿ, ಅಲ್ಲಿಂದ ಏನನ್ನೋ ಕಿತ್ತು ಇಸ್ತ್ರಿಯಕ್ಕನ ಬಾಯಿಯ ಹತ್ತಿರ ತಂದಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಣ್ಣು ಕೊಟ್ಟ ಕೋಲು ಮತ್ತೆ ಕೊಡುವುದಿಲ್ಲ. ಅದರ ಕೆಲಸ ಮುಗಿಯಿತು, ಇನ್ನು ಒಣಗುವುದೊಂದೇ. ಹಣ್ಣಿನ ಗಡಿಬಿಡಿಯಲ್ಲಿ ಕತ್ತರಿ ಹಿಡಿಯಲು ಪುರುಸೊತ್ತಿರುವುದಿಲ್ಲ, ಎಲೆ ಬಿದ್ದ ಮೇಲೆ ಎಲ್ಲ ಒಂದೇ ಬಣ್ಣ, ಅದಕ್ಕೇ ಆಗಲೇ ದಾರ ಕಟ್ಟಿ ಇಡುವುದು. ಈ ವರ್ಷ ಸುಮ್ಮನೆ ಬೆಳೆದು ನಿಂತ ಒಂಟಿ ಬೆತ್ತಗಳೇ ಬರುವ ಬೇಸಿಗೆಗೆ ಕವಲೊಡೆದು ಹಣ್ಣು ಬಿಡುವವು. ಅವನ್ನು ಇಸ್ತ್ರಿಯಕ್ಕ ಹೊರೆ ಕಟ್ಟಿ ಬೀದಿಯಲ್ಲಿ ಇಟ್ಟು ಬಂದಿದ್ದಳು. ಅರ್ಧ ಸಾಲಿನ ಫಸಲು, ಕೈಗೆ ಬಂದ ತುತ್ತು, ಬಾಯಿಗೆ ಬರದ ಹಾಗೆ ಮಾಡಿದ್ದಳು.

ಅವಳು ಆ ಮುಳ್ಳಿನ ನೆಲದ ಮೇಲೆಯೇ ಕೂತು ಅತ್ತಳು. ಹಣ್ಣಿಗಾಗಿ ಅತ್ತದ್ದಕ್ಕಿಂತ ಮಾತು ತಪ್ಪಿದೆ ಎಂದು ಅತ್ತದ್ದು. ಗಂಡ ಅವಳ ಪಕ್ಕಕ್ಕೆ ಬಂದು ಕುಕ್ಕರಿಸಿದ.

‘ಅಲ್ಲ, ಕೆಂಪು ಅಂದ್ರೆ ಮುಟ್ಟಬಾರದು ಅಂತ ತಾನೆ?’ ಎಂದ.

‘ಹಲೋ’ ಎಂದಳು ಚಿಕ್ಕಮ್ಮ. ಆ ಒಂದು ಹಲೋದಲ್ಲಿ ಡ್ರೈವರನ ಬುದ್ಧಿ, ಅವನ ಬಸ್ಸು, ಅವನಿಗೆ ಲೈಸೆನ್ಸ್ ಕೊಟ್ಟವರು ಎಲ್ಲರಿಗೂ ಸಲ್ಲಬೇಕಾದದ್ದು ಸಂದಿತು. ಗೋಡೆಯಾಚೆ ಗದ್ದ ಊರಿದ್ದ ಕರೆಂಟಣ್ಣ ಮೆಲ್ಲಗೆ ತಲೆ ಕೆಳಗಿಳಿಸಿಕೊಂಡ. ಅದನ್ನು ಕಂಡು ಚಿಕ್ಕಮ್ಮ ನಕ್ಕಳು. ಲಕ್ವ ಹೊಡೆದ ಮೇಲೆ ಮೊದಲ ಸಲ. ಮುಖದ ಒಂದು ಭಾಗ ಮಾತ್ರ ನಕ್ಕಿತು, ಆದರೆ ಆ ಒಂದು ಭಾಗ ಎರಡರ ಕೆಲಸ ಮಾಡಿತು. ಇಸ್ತ್ರಿಯಕ್ಕ ಅಳುತ್ತಿದ್ದವಳು ಮೂಗು ಒರೆಸಿಕೊಂಡು ಎದ್ದಳು.

ಉಳಿದ ಅರ್ಧ ಸಾಲನ್ನು ಮರುದಿನ ಇಬ್ಬರೂ ಸೇರಿ ಸವರಿದರು. ಕತ್ತರಿ ಇವಳದು, ಬಾಯಿ ಅವಳದು. ದಾರ ಕಟ್ಟಿದ್ದು ಬುಡಕ್ಕೆ ಹೋಗಬೇಕು. ಉಳಿದ ಒಂಟಿ ಬೆತ್ತಗಳಲ್ಲೂ ಸಣಕಲನ್ನು ತೆಗೆದು, ಗಟ್ಟಿಯಾದುದನ್ನು ಗೇಣಿಗೆ ಒಂದರಂತೆ ತಂತಿಗೆ ಕಟ್ಟಬೇಕು. ಇದೆಲ್ಲವನ್ನೂ ಚಿಕ್ಕಮ್ಮ ಹೇಳಿದ್ದು ಒಂದೇ ಮಾತಿನಲ್ಲಿ. ಅಂದು ಇಸ್ತ್ರಿಯಕ್ಕನಿಗೆ ಹೊಸ ಹುಚ್ಚು ಹಿಡಿಯಿತು. ಹಲೋಗಳಲ್ಲಿ ಜಾತಿ ಬೇರೆ ಬೇರೆ ಇದೆ ಎಂಬುದು ಕಿವಿಗೆ ಬಿತ್ತು. ಕೊನೆಯಲ್ಲಿ ಕಡಿದುಹೋದರೆ ಕತ್ತರಿಸು, ಎಳೆದರೆ ಬಿಡು, ಮೂಗಿನಿಂದ ಬಂದರೆ ನಿನ್ನ ತಲೆ. ಅಂಗಿಯ ಕಲೆ ಓದುತ್ತಿದ್ದವಳಿಗೆ ಓದಲು ಇನ್ನೊಂದು ಬಟ್ಟೆ ಸಿಕ್ಕಿದ ಹಾಗಾಯಿತು. ಬಾಗಿಲಿನ ಕಡೆಯ ಅರ್ಧದಲ್ಲಿ ಉಳಿದಿದ್ದ ದಾರದ ಕೋಲುಗಳನ್ನೂ ತೆಗೆದ ಮೇಲೆ ಅಲ್ಲಿ ಬರೀ ಮಣ್ಣು ಕಂಡಿತು. ಚಿಕ್ಕಮ್ಮ ಆ ಮಣ್ಣಿನ ಮೇಲೂ ಅಂಗೈಯನ್ನು ಮೆಲ್ಲಗೆ ಎತ್ತಿ ತೋರಿಸಿದಳು. ಬರುತ್ತೆ, ಇನ್ನೊಂದು ವರ್ಷ ಹಿಡಿಯುತ್ತೆ.

ಆದರೆ ಒಂದು ವಿಷಯ ಇಸ್ತ್ರಿಯಕ್ಕನ ನೆಮ್ಮದಿ ಕೆಡಿಸಿತು. ಮಣಿಕಟ್ಟಿಗೆ ಸುತ್ತಿಕೊಂಡ ಆ ಕೆಂಪು ಉಲ್ಲನ್ನನ್ನು ಚಿಕ್ಕಮ್ಮ ತೆಗೆಯಲು ಬಿಡಲಿಲ್ಲ. ಅದು ಸಡಿಲಾಗಿ ಜಾರಿದಾಗ ಇವಳ ಮುಂದೆ ಹಿಡಿದು, ಗಂಟು ಹಾಕು ಎಂದು ಕಾಡಿ ಹಾಕಿಸಿಕೊಂಡಳು. ಸ್ನಾನ ಮಾಡಿಸುವಾಗ ಬಿಚ್ಚಲು ಹೋದರೆ ಎಳೆದ ಹಲೋ. ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು, ಇದೇನು ಎಂದು ಕೇಳಿದಾಗ ಇಸ್ತ್ರಿಯಕ್ಕ ಏನೋ ಹಾರಿಕೆ ಉತ್ತರ ಕೊಟ್ಟಳು. ಕೆಲಸ ಮುಗಿದದ್ದಕ್ಕೆ ಕಟ್ಟುವ ದಾರ ಅದು ಎಂದು ಹೇಗೆ ಹೇಳುವುದು? ಆ ಹೆಂಗಸು ಬಲಗೈಗೆ ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದಳು. ಚಿಕ್ಕಮ್ಮ ಅದನ್ನು ಎಡಗೈಯಿಂದ ಕಿಟಕಿಯಾಚೆ ಎಸೆಯುತ್ತಿದ್ದಳು, ಪಕ್ಕದ ಮನೆಯ ನಾಯಿ ಕಚ್ಚಿಕೊಂಡು ಬಂದು ಬಾಗಿಲಲ್ಲಿ ಹಾಕುತ್ತಿತ್ತು. ಆ ಕೈಗೆ ತಾನಾಗಿ ಏನಾದರೂ ಮಾಡಬೇಕು ಅನ್ನಿಸಬೇಕು, ನಾವು ಹೇಳಿದರೆ ಕೇಳುವುದಿಲ್ಲ ಎಂದು ವ್ಯಾಯಾಮದ ಹೆಂಗಸು ಕೈಚೆಲ್ಲಿದ್ದಳು. ಆ ದಾರವನ್ನು ಚಿಕ್ಕಮ್ಮ ಕೈಯೊಂದಕ್ಕೆ ಕಟ್ಟಿಕೊಂಡಿದ್ದಾಳೋ, ಇಡೀ ತನಗೇ ಕಟ್ಟಿಕೊಂಡಿದ್ದಾಳೋ? ಇಸ್ತ್ರಿಯಕ್ಕ ಅಂಗಡಿಯಲ್ಲಿ ಬಟ್ಟೆಗೆ ದಾರ ಹೊಲಿಯುವಾಗಲೆಲ್ಲ ಇದನ್ನೇ ಯೋಚಿಸಿದಳು, ಭಯಪಟ್ಟಳು.

ಚಿಗುರು ಬಂತು. ಒಂಟಿ ಬೆತ್ತಗಳ ಮೈತುಂಬ ಕವಲು ಮೂಡಿತು, ಬಿಳಿ ಹೂವು ಬಂತು, ದುಂಬಿಗಳು ಬಂದವು. ಬೋಳಾಗಿದ್ದ ಅರ್ಧದಲ್ಲಿ ನೆಲದಿಂದ ಹೊಸ ಮೊಳಕೆಗಳು ಮೂತಿ ತೂರಿಸಿದವು. ಈ ನಡುವೆ ಚೆಂಡು ಬೀದಿಗೆ ಹಾರುವುದು ನಿಂತಿತ್ತು. ಪಕ್ಕದ ಮನೆಯ ನಾಯಿ ದಿನಾ ಕಿಟಕಿಯ ಕೆಳಗೆ ಬಂದು ಕಾದು ಬೇಸರದಿಂದ ಹೋಗುತ್ತಿತ್ತು. ಹಾಸಿಗೆ ಬದಲಿಸುವಾಗ ಚೆಂಡು ದಿಂಬಿನ ಕೆಳಗೆ ಸಿಕ್ಕಿತು. ಯಾಕೆ ಎಂದು ಇಸ್ತ್ರಿಯಕ್ಕ ಹುಬ್ಬೇರಿಸಿದಳು. ಚಿಕ್ಕಮ್ಮ ಕಿಟಕಿಯಾಚೆ ನೋಡತೊಡಗಿದಳು.

ಹಣ್ಣು ಬಂತು. ಅರ್ಧ ಸಾಲಿನದೇ, ಆದರೂ ಬಟ್ಟಲು ತುಂಬುವಷ್ಟು. ಮೊದಲ ಹಣ್ಣನ್ನು ಇಸ್ತ್ರಿಯಕ್ಕ ಕಿತ್ತು ತಂದು, ಆಸ್ಪತ್ರೆಯಲ್ಲಿ ಕೊಟ್ಟ ಮಾತನ್ನು ನೆನೆದು, ಚಿಕ್ಕಮ್ಮನ ಬಾಯಿಗಿಟ್ಟಳು. ಚಿಕ್ಕಮ್ಮ ಅಗಿದಳು, ಕಣ್ಣು ಕಿರಿದು ಮಾಡಿದಳು, ಮೂಗಿನಿಂದ ಒಂದು ಹಲೋ ಬಿಟ್ಟಳು. ಇನ್ನೂ ಹುಳಿ, ಎರಡು ದಿನ ಕಾಯಬೇಕಿತ್ತು, ನಿನ್ನ ತಲೆ. ಇಸ್ತ್ರಿಯಕ್ಕನಿಗೆ ಅಷ್ಟು ಸಂತೋಷ ಯಾವ ಹೊಗಳಿಕೆಯಿಂದಲೂ ಆಗಿರಲಿಲ್ಲ.

ಕೊನೆಯ ಹಣ್ಣು ಕಿತ್ತ ಸಂಜೆ ಇಸ್ತ್ರಿಯಕ್ಕ ಕೆಂಪು ಉಲ್ಲನ್ ಉಂಡೆ ತಂದಳು. ಈ ಸಲ ಕಟ್ಟುವುದು ಅವಳ ಪಾಲಿನ ಕೆಲಸ ಎಂದುಕೊಂಡಿದ್ದಳು. ಚಿಕ್ಕಮ್ಮ ಕುರ್ಚಿಯಿಂದ ಕೈ ಚಾಚಿ ಉಂಡೆ ಕೇಳಿದಳು. ಒಂದು ತುಂಡನ್ನು ಹಣ್ಣು ಕೊಟ್ಟ ಕೋಲಿನ ಸುತ್ತ ತಂದಳು. ಗಂಟಿಗೆ ಎರಡನೆಯ ಕೈ ಬೇಕು. ಇಸ್ತ್ರಿಯಕ್ಕ ಮುಂದೆ ಬಾಗಿದಳು.

‘ಹಲೋ’ ಎಂದಳು ಚಿಕ್ಕಮ್ಮ. ಎಳೆದ ಹಲೋ. ಬಿಡು.

ಎಡಗೈಯಿಂದ ಬಲಗೈಯನ್ನು ಎತ್ತಿ ಕೋಲಿನ ಹತ್ತಿರಕ್ಕೆ ತಂದು ಇಟ್ಟಳು. ಉಲ್ಲನ್ನಿನ ಒಂದು ತುದಿಯನ್ನು ಆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟಳು. ಕಾದಳು. ಹಣೆಯ ಮೇಲೆ ಬೆವರು ಮೂಡಿತು. ಬೆರಳುಗಳು ಒಮ್ಮೆ ಅದುರಿ, ಸೋತು, ಮತ್ತೆ ಅದುರಿ, ಒಂದಕ್ಕೊಂದು ಅಂಟಿಕೊಂಡವು. ಎಡಗೈ ಎಳೆಯಿತು. ಬಲಗೈ ಹಿಡಿದುಕೊಂಡಿತು. ತುದಿ ಜಾರಿತು, ಮತ್ತೆ ಇಟ್ಟಳು, ಮತ್ತೆ ಜಾರಿತು. ಇಸ್ತ್ರಿಯಕ್ಕ ತನ್ನ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಕಚ್ಚಿ ನಿಂತಿದ್ದಳು. ಬಹಳ ಹೊತ್ತಿನ ಮೇಲೆ ಕೋಲಿನ ಮೇಲೆ ಒಂದು ಗಂಟು ಬಿತ್ತು. ಸಡಿಲ, ಸೊಟ್ಟ, ಮಗು ಹಾಕಿದಂಥ ಗಂಟು.

ಚಿಕ್ಕಮ್ಮ ಉಸಿರು ಬಿಟ್ಟಳು. ಆಮೇಲೆ ಬಲಗೈಯನ್ನು ಇಸ್ತ್ರಿಯಕ್ಕನ ಮುಂದೆ ಹಿಡಿದು, ಮಣಿಕಟ್ಟಿನಲ್ಲಿ ಬಣ್ಣಗೆಟ್ಟು ಕೊಳೆಯಾಗಿದ್ದ ಹಳೆಯ ದಾರದ ಮೇಲೆ ಎರಡು ಬೆರಳಿನ ಕತ್ತರಿ ಆಡಿಸಿದಳು.

‘ಹಲೋ’ ಎಂದಳು.

ಕಂಡದ್ದಕ್ಕೆಲ್ಲ ಯಾಕೆ ಎಂದು ಕೇಳುವವಳು ಆಗ ಏನೂ ಕೇಳಲಿಲ್ಲ. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ, ಕೈಯಲ್ಲಿದ್ದ ಸವರು ಕತ್ತರಿ ಆ ಕೆಲಸಕ್ಕೆ ತೀರ ದೊಡ್ಡದು. ಒಳಗೆ ಓಡಿಹೋಗಿ, ಡಬ್ಬದಲ್ಲಿ ತಡಕಾಡಿ, ಲಾಂಡ್ರಿಯಲ್ಲಿ ಗುರುತಿನ ದಾರ ಕತ್ತರಿಸುವ ಚಿಕ್ಕ ಕತ್ತರಿಯನ್ನು ಹುಡುಕಿ ತಂದಳು.